ಹೊಟ್ಟಿನ ವಿದ್ಯುತ್ತು ತಂತಿಗೆ ಕೂಡುವ ಬಗೆ

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಣ್ಣುವ ಗಂಗಾವತಿಯ ಸೀಮೆಗೆ ‘ಭತ್ತದ ಕಣಜ’ ಎಂಬ ಹೆಸರು ಬಂದು ಬಹುಕಾಲವಾಯಿತು. ೧೯೫೩ರಲ್ಲಿ ಮುನಿರಾಬಾದಿನ ಬಳಿ ಅಣೆಕಟ್ಟು ಸಿದ್ಧವಾಗಿ ಕಾಲುವೆಗಳಲ್ಲಿ ನೀರು ಹರಿಯತೊಡಗಿದ ಮೇಲೆ ಗದ್ದೆಗಳು ಹಬ್ಬಿದವು. ಗದ್ದೆಗಳ ಹಿಂದೆಯೇ ಅಕ್ಕಿಯ ಗಿರಣಿಗಳೂ ಬಂದವು. ನೂರು ಕಿಲೋಗ್ರಾಂ ಭತ್ತವನ್ನು ಗಿರಣಿಗೆ ಹಾಕಿದರೆ ಸುಮಾರು ಇಪ್ಪತ್ತು ಕಿಲೋಗ್ರಾಂ ಹೊಟ್ಟು ಹೊರಬೀಳುತ್ತದೆ. ಅದು ದನಕ್ಕೆ ಮೇವಾಗದು, ಬೇಗ ಕೊಳೆತು ಗೊಬ್ಬರವೂ ಆಗದು. ಅದೇ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾಗಳ ಒಣ ಬಯಲಿಗೆ ಹೋದರೆ ಭತ್ತವಿಲ್ಲ. ಅಲ್ಲಿ ತೊಗರಿಯ ಕಟ್ಟಿಗೆ, ಹತ್ತಿಯ ಕಟ್ಟಿಗೆ, ಬೇಡವೆಂದರೂ ಬೆಳೆಯುವ ಬಳ್ಳಾರಿ ಜಾಲಿ. ಇವೆಲ್ಲ ಸೂರ್ಯನ ಬೆಳಕನ್ನು ಗಿಡಗಳು ಹಿಡಿದಿಟ್ಟ ರೂಪಗಳೇ. ಇವುಗಳಿಂದ ಸಣ್ಣ ಪ್ರಮಾಣದಲ್ಲಿ ವಿದ್ಯುಚ್ಛಕ್ತಿಯನ್ನು ಹುಟ್ಟಿಸಿ, ಊರ ಮುಂದೆ ಹಾದುಹೋಗುವ ಹನ್ನೊಂದು ಸಾವಿರ ವೋಲ್ಟಿನ ತಂತಿಗೆ ಸೇರಿಸಬಹುದೆ? ಸೇರಿಸುವುದೆಂದರೆ ಎರಡು ತಂತಿಗಳನ್ನು ಹೆಣೆದು ಕಟ್ಟಿದಷ್ಟೇ ಕೆಲಸವೆ? ಈ ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಮೊದಲು ಉರುವಲಿನ ಮಾತು. ಒಂದು ಕಿಲೋಗ್ರಾಂ ಒಣಹೊಟ್ಟನ್ನು ಸಂಪೂರ್ಣವಾಗಿ ಉರಿಸಿದರೆ ಸುಮಾರು ೩೦೦೦ ಕಿಲೋಕ್ಯಾಲೊರಿ ಶಾಖ ದೊರೆಯುತ್ತದೆ. ಒಳ್ಳೆಯ ಕಲ್ಲಿದ್ದಲಿಗೆ ಹೋಲಿಸಿದರೆ ಇದು ಸುಮಾರು ಅರ್ಧ, ಆದರೂ ಅಲ್ಪವಲ್ಲ. ದೊಡ್ಡ ಸ್ಥಾವರಗಳಲ್ಲಿ ಹೊಟ್ಟನ್ನು ಕುಲುಮೆಯಲ್ಲಿ ಉರಿಸಿ, ನೀರನ್ನು ಹಬೆಯಾಗಿಸಿ, ಹಬೆಯಿಂದ ಚಕ್ರವನ್ನು ತಿರುಗಿಸುವರು. ಕೆಲವು ಮೆಗಾವ್ಯಾಟ್ ಶಕ್ತಿಯ ಇಂಥ ಸ್ಥಾವರಗಳು ನಮ್ಮ ರಾಜ್ಯದಲ್ಲಿ ೨೦೦೦ದ ಈಚೆಗೆ ಹಲವೆಡೆ ಎದ್ದವು. ಆದರೆ ಐವತ್ತು ನೂರು ಕಿಲೋವ್ಯಾಟಿನ ಕೆಲಸಕ್ಕೆ ಹಬೆಯ ಯಂತ್ರ ಒಗ್ಗದು. ಚಿಕ್ಕದಾದಷ್ಟೂ ಅದು ಶಾಖವನ್ನು ವ್ಯರ್ಥಗೊಳಿಸುವುದು ಹೆಚ್ಚು. ಸಣ್ಣ ಸ್ಥಾವರಕ್ಕೆ ಬೇರೊಂದು ದಾರಿಯುಂಟು. ಉರುವಲನ್ನು ಉರಿಸಿಬಿಡದೆ, ಅನಿಲವನ್ನಾಗಿ ಮಾಡಿ, ಆ ಅನಿಲವನ್ನು ಎಂಜಿನ್ನಿಗೆ ಉಣಿಸುವುದೇ ಆ ದಾರಿ.

ಈ ಕೆಲಸ ಮಾಡತಕ್ಕ ಪಾತ್ರೆಗೆ ಅನಿಲಜನಕ ಅಥವಾ ಗ್ಯಾಸಿಫೈಯರ್ ಎಂದು ಹೆಸರು. ಎತ್ತರವಾದ ಉರುಳೆಯಾಕಾರದ ಒಲೆ ಎಂದು ಭಾವಿಸಿಕೊಳ್ಳಿ. ಅದರೊಳಕ್ಕೆ ಕಟ್ಟಿಗೆಯ ತುಂಡುಗಳನ್ನು ತುಂಬಿ, ಪೂರ್ಣ ದಹನಕ್ಕೆ ಬೇಕಾದ ಗಾಳಿಯ ಮೂರನೆಯ ಒಂದು ಪಾಲಿನಷ್ಟನ್ನು ಮಾತ್ರ ಬಿಡುತ್ತಾರೆ. ಸ್ವಲ್ಪ ಕಟ್ಟಿಗೆ ಉರಿದು ಶಾಖ ಕೊಡುತ್ತದೆ. ಆ ಶಾಖದಿಂದ ಉಳಿದದ್ದು ಇದ್ದಿಲಾಗುತ್ತದೆ. ದಹನದಿಂದ ಹುಟ್ಟಿದ ಇಂಗಾಲದ ಡೈ ಆಕ್ಸೈಡೂ ನೀರಿನ ಹಬೆಯೂ ಕೆಂಪಗೆ ಕಾದ ಇದ್ದಿಲಿನ ಮೇಲೆ ಹಾದುಹೋಗುವಾಗ ತಮ್ಮ ಆಮ್ಲಜನಕದ ಪಾಲನ್ನು ಇದ್ದಿಲಿಗೆ ಒಪ್ಪಿಸಿ, ಇಂಗಾಲದ ಮಾನಾಕ್ಸೈಡು ಮತ್ತು ಜಲಜನಕಗಳಾಗಿ ಹೊರಬರುತ್ತವೆ. ಇವೆರಡೂ ಉರಿಯುವ ಅನಿಲಗಳು. ಹೀಗೆ ಸಿದ್ಧವಾದ ಮಿಶ್ರಣದಲ್ಲಿ ಇವು ಒಂದೊಂದೂ ಸುಮಾರು ನೂರಕ್ಕೆ ಇಪ್ಪತ್ತರಷ್ಟಿದ್ದು, ಮೀಥೇನು ಒಂದೆರಡು ಪಾಲಿರುತ್ತದೆ. ಉಳಿದುದರಲ್ಲಿ ಬಹುಭಾಗ ಗಾಳಿಯಿಂದ ಬಂದ, ಯಾವ ಉಪಕಾರವನ್ನೂ ಮಾಡದ ಸಾರಜನಕ. ಈ ಅನಿಲವನ್ನು ತಂಪುಮಾಡಿ, ಬೂದಿಯನ್ನೂ ಡಾಂಬರಿನಂಥ ಜಿಗುಟನ್ನೂ ತೊಳೆದು ತೆಗೆಯದೆ ಎಂಜಿನ್ನಿಗೆ ಬಿಡುವಂತಿಲ್ಲ. ಬಿಟ್ಟರೆ ಕವಾಟಗಳು ಅಂಟಿಕೊಂಡು ಎಂಜಿನ್ನು ಕೆಲವು ದಿನಗಳಲ್ಲೇ ನಿಂತುಹೋಗುವುದು. ಇನ್ನೊಂದು ಎಚ್ಚರಿಕೆ: ಇಂಗಾಲದ ಮಾನಾಕ್ಸೈಡು ಬಣ್ಣವಿಲ್ಲದ, ವಾಸನೆಯಿಲ್ಲದ ಕಡುವಿಷ. ಗಾಳಿಯಾಡದ ಕೊಠಡಿಯಲ್ಲಿ ಈ ಯಂತ್ರವನ್ನು ಎಂದಿಗೂ ನಡೆಸಕೂಡದು.

ಇದು ಹೊಸ ವಿದ್ಯೆಯೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ ಬೆನ್ನಿಗೆ ಒಲೆ ಕಟ್ಟಿಕೊಂಡು ಓಡುತ್ತಿದ್ದ ಇದ್ದಿಲು ಬಸ್ಸುಗಳ ಕಥೆಯನ್ನು ಹಿರಿಯರ ಬಾಯಲ್ಲಿ ಕೇಳಿದವರು ಈಗಲೂ ಇದ್ದಾರೆ. ಯುದ್ಧ ಮುಗಿದು ಪೆಟ್ರೋಲು ಸಿಕ್ಕೊಡನೆ ಜನ ಆ ಒಲೆಗಳನ್ನು ಕಿತ್ತೆಸೆದರು. ಅದನ್ನು ಮತ್ತೆ ಎತ್ತಿಕೊಂಡು, ಜಿಗುಟು ಕಡಿಮೆ ಬರುವಂತೆ ಒಲೆಯ ರಚನೆಯನ್ನೇ ಬದಲಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮುಖ್ಯರು. ೧೯೭೪ರಲ್ಲಿ ಪ್ರೊಫೆಸರ್ ಎ. ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಅಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ಅನಿಲಜನಕದ ಸಂಶೋಧನೆಯನ್ನು ಪ್ರೊಫೆಸರ್ ಎಚ್. ಎಸ್. ಮುಕುಂದ ಮತ್ತು ಅವರ ಸಂಗಡಿಗರು ಬೆಳೆಸಿದರು. ೧೯೮೮ರಲ್ಲಿ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿ ಎಂಬ ಪುಟ್ಟ ಗ್ರಾಮದಲ್ಲಿ ಐದು ಅಶ್ವಶಕ್ತಿಯ ಎಂಜಿನ್ನು ಕಟ್ಟಿಗೆಯ ಅನಿಲವನ್ನೂ ಸ್ವಲ್ಪ ಡೀಸೆಲನ್ನೂ ಕುಡಿದು ಮನೆಗಳಿಗೆ ದೀಪ ಕೊಟ್ಟಿತು. ಮುಂದೆ ಅಲ್ಲಿ ಇಪ್ಪತ್ತು ಕಿಲೋವ್ಯಾಟಿನ ಯಂತ್ರ ಬಂದಿತು.

ಹೊಸಹಳ್ಳಿಯ ಯಂತ್ರ ಒಂಟಿ ಯಂತ್ರ. ಊರಿನ ದೀಪ, ನೀರು, ಹಿಟ್ಟಿನ ಗಿರಣಿ, ಇಷ್ಟೇ ಅದರ ಪ್ರಪಂಚ. ವಿದ್ಯುತ್ತಿನ ಒಂದು ವಿಚಿತ್ರ ಗುಣವೆಂದರೆ, ಅದು ಹುಟ್ಟಿದ ಕ್ಷಣದಲ್ಲೇ ಖರ್ಚಾಗಬೇಕು. ರಾತ್ರಿ ಹತ್ತಕ್ಕೆ ಊರು ಮಲಗಿದರೆ ಯಂತ್ರವೂ ಮಲಗಬೇಕು; ಅರ್ಧ ಊರು ಮಲಗಿದರೆ ಯಂತ್ರ ಅರ್ಧ ಹೊರೆಯಲ್ಲಿ, ಹೆಚ್ಚು ಉರುವಲನ್ನು ತಿನ್ನುತ್ತ ಓಡಬೇಕು. ವಿದ್ಯುಜ್ಜಾಲಕ್ಕೆ ಸೇರಿದ ಯಂತ್ರಕ್ಕೆ ಈ ಕಷ್ಟವಿಲ್ಲ. ಜಾಲದ ಹಸಿವು ಅಪಾರ. ನೂರು ಕಿಲೋವ್ಯಾಟ್ ಎಷ್ಟು ಹೊತ್ತು ಕೊಟ್ಟರೂ ಅದು ನುಂಗುತ್ತದೆ. ಈ ಆಸೆಯಿಂದಲೇ ಅದೇ ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ, ‘ಗ್ರಾಮೀಣ ಭಾರತಕ್ಕೆ ಜೈವಿಕ ಇಂಧನ ಶಕ್ತಿ’ ಯೋಜನೆಯ ಆಶ್ರಯದಲ್ಲಿ, ಅನಿಲಜನಕಗಳನ್ನು ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯ ತಂತಿಗೆ ಕೂಡಿಸಿದರು. ಆ ಯೋಜನೆ ಜಿಲ್ಲೆಯ ಮೂರು ಸ್ಥಳಗಳಲ್ಲಿ ಒಟ್ಟು ೮೮೦ ಕಿಲೋವ್ಯಾಟ್ ಶಕ್ತಿಯ ಯಂತ್ರಗಳನ್ನು ಸ್ಥಾಪಿಸಿತು.

ಇನ್ನು ಕೂಡಿಸುವ ಬಗೆಯನ್ನು ನೋಡೋಣ. ವಿಷಯದ ತಿರುಳಿರುವುದು ಇಲ್ಲಿಯೇ.

ನಮ್ಮ ಮನೆಗಳಿಗೆ ಬರುವುದು ಪರ್ಯಾಯ ಪ್ರವಾಹ. ಅದು ಒಂದು ಸೆಕೆಂಡಿನಲ್ಲಿ ಐವತ್ತು ಸಲ ಹಿಂದು ಮುಂದಾಗಿ ಜೀಕುತ್ತದೆ. ನಾಲ್ಕು ಧ್ರುವಗಳುಳ್ಳ ವಿದ್ಯುಜ್ಜನಕದಲ್ಲಿ ಒಂದು ಸುತ್ತಿಗೆ ಎರಡು ಅಲೆಗಳೇಳುವುದರಿಂದ, ನಿಮಿಷಕ್ಕೆ ೧೫೦೦ ಸುತ್ತು ತಿರುಗಿಸಿದರೆ ಸೆಕೆಂಡಿಗೆ ಐವತ್ತು ಅಲೆಗಳಾಗುತ್ತವೆ. ಜಾಲದಲ್ಲಿರುವ ಎಲ್ಲ ಯಂತ್ರಗಳೂ ಇದೇ ಲಯದಲ್ಲಿ ಕುಣಿಯತಕ್ಕದ್ದು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರನ್ನೆಳೆಯುವ ಜನವನ್ನು ನೆನೆಯಿರಿ. ತೇರು ಒಂದೇ ವೇಗದಲ್ಲಿ ಸಾಗುತ್ತಿದೆ. ನೂರಾರು ಕೈಗಳು ಹಗ್ಗದ ಮೇಲಿವೆ. ಹೊಸದಾಗಿ ಬಂದವನೊಬ್ಬನು ನಿಂತಲ್ಲಿಂದಲೇ ಹಗ್ಗವನ್ನು ಗಪ್ಪನೆ ಹಿಡಿದರೆ ಮುಗ್ಗರಿಸಿ ಬೀಳುವನು. ಮೊದಲು ಅವನು ಪಕ್ಕದಲ್ಲಿ ಓಡುತ್ತ ತೇರಿನ ವೇಗಕ್ಕೆ ಬರಬೇಕು. ಆಮೇಲೆ ಹಗ್ಗ ಹಿಡಿಯಬೇಕು. ಅದರ ನಂತರವೇ ಬಲ ಹಾಕಬೇಕು. ಎಷ್ಟು ಬಲ ಹಾಕಿದರೂ ತೇರಿನ ವೇಗ ಅವನೊಬ್ಬನಿಂದ ಹೆಚ್ಚದು. ಅವನು ಸುಸ್ತಾಗಿ ನಿಂತರೆ ತೇರು ನಿಲ್ಲದು. ಹಗ್ಗವೇ ಅವನನ್ನು ಎಳೆದುಕೊಂಡು ಹೋಗುವುದು. ವಿದ್ಯುಜ್ಜನಕದ ಸ್ಥಿತಿಯೂ ಅಕ್ಷರಶಃ ಹೀಗೆಯೇ. ಅನಿಲ ಸಾಲದೆ ಎಂಜಿನ್ನು ಸೋತರೆ, ಜಾಲವೇ ಅದನ್ನು ಮೋಟಾರಿನಂತೆ ತಿರುಗಿಸತೊಡಗುವುದು! ಇದನ್ನು ಕಂಡುಹಿಡಿದು ಸಂಬಂಧವನ್ನು ಕಡಿಯಲು ಒಂದು ಕಾವಲು ಉಪಕರಣವನ್ನೇ ಇಡಬೇಕಾಗುತ್ತದೆ.

ಹಗ್ಗ ಹಿಡಿಯುವ ಮುನ್ನ ನಾಲ್ಕು ಹೊಂದಾಣಿಕೆಗಳು ಆಗಬೇಕು. ವೋಲ್ಟೇಜು ಸರಿಸಮವಾಗಿರಬೇಕು, ಆವೃತ್ತಿ ಒಂದಾಗಿರಬೇಕು, ಮೂರು ಫೇಸುಗಳು ಒಂದೇ ಕ್ರಮದಲ್ಲಿ ಬರಬೇಕು, ಕಡೆಯದಾಗಿ, ಎರಡೂ ಕಡೆಯ ಅಲೆಗಳು ಒಂದೇ ಗಳಿಗೆಯಲ್ಲಿ ಏರಿ ಒಂದೇ ಗಳಿಗೆಯಲ್ಲಿ ಇಳಿಯಬೇಕು. ಈ ಕಡೆಯದೇ ಕಷ್ಟದ್ದು. ಎರಡು ಜೋಕಾಲಿಗಳು ಒಂದೇ ವೇಗದಲ್ಲಿ ಜೀಕುತ್ತಿದ್ದರೂ ಒಂದು ಮುಂದಿರುವಾಗ ಇನ್ನೊಂದು ಹಿಂದಿರಬಹುದಲ್ಲವೆ? ಹಾಗಿರುವಾಗ ಎರಡನ್ನೂ ಕಟ್ಟಿಹಾಕಿದರೆ ಏನಾದೀತೆಂದು ಊಹಿಸಿ. ವಿದ್ಯುಜ್ಜನಕದಲ್ಲಿ ಆಗ ಹರಿಯುವ ಪ್ರವಾಹ, ಬಲವಾದ ಜಾಲವಾದರೆ, ಅದರ ತುದಿಗಳನ್ನು ನೇರವಾಗಿ ಷಾರ್ಟ್ ಮಾಡಿದಾಗಿನದಕ್ಕಿಂತ ಸುಮಾರು ಎರಡರಷ್ಟಾಗುವುದು. ಸುರುಳಿಗಳು ಕಿತ್ತುಬರಬಹುದು, ಎಂಜಿನ್ನಿಗೂ ಜನಕಕ್ಕೂ ನಡುವಣ ಉಕ್ಕಿನ ಜೋಡಣೆಯೇ ಮುರಿಯಬಹುದು.

ಆ ಗಳಿಗೆಯನ್ನು ಕಂಡುಹಿಡಿಯಲು ಹಳೆಯ ಕಾಲದ ಇಂಜಿನಿಯರುಗಳು ಬಳಸುತ್ತಿದ್ದ ಉಪಾಯ ಬಹು ಸರಳವೂ ಸುಂದರವೂ ಆದದ್ದು; ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಅದನ್ನು ಇಂದಿಗೂ ತೋರಿಸುವುದುಂಟು. ತೆರೆದ ಸ್ವಿಚ್ಚಿನ ಎರಡು ತುದಿಗಳ ನಡುವೆ, ಮೂರು ಫೇಸುಗಳಿಗೂ ಒಂದೊಂದರಂತೆ, ಹಳೆಯ ತಂತಿಬುರುಡೆ ದೀಪಗಳನ್ನು ಕಟ್ಟುತ್ತಾರೆ. ಒಂದು ಕಡೆ ಜಾಲ, ಇನ್ನೊಂದು ಕಡೆ ನಮ್ಮ ಯಂತ್ರ. ಎರಡೂ ಅಲೆಗಳು ಸಮವಾಗಿದ್ದಾಗ ತುದಿಗಳ ನಡುವೆ ವೋಲ್ಟೇಜಿನ ಅಂತರವೇ ಇಲ್ಲ, ದೀಪ ಆರುತ್ತದೆ. ಎದುರುಬದುರಾದಾಗ ೨೩೦ಕ್ಕೆ ೨೩೦ ಕೂಡಿ ೪೬೦ ವೋಲ್ಟು, ದೀಪ ಪ್ರಜ್ವಲಿಸುತ್ತದೆ. (ಆದುದರಿಂದ ಒಂದೊಂದು ಫೇಸಿಗೂ ಎರಡೆರಡು ದೀಪಗಳನ್ನು ಸಾಲಾಗಿ ಜೋಡಿಸುವುದು ಕ್ಷೇಮ.) ಜಾಲದ ಆವೃತ್ತಿ ೫೦, ಯಂತ್ರದ್ದು ೫೦.೫ ಆಗಿದ್ದರೆ ದೀಪಗಳು ಎರಡು ಸೆಕೆಂಡಿಗೊಮ್ಮೆ ಹತ್ತಿ ಆರುತ್ತವೆ. ಎಂಜಿನ್ನಿನ ವೇಗವನ್ನು ಸೂಕ್ಷ್ಮವಾಗಿ ತಿದ್ದುತ್ತ ಬಂದರೆ ಈ ಮಿಣುಕಾಟ ನಿಧಾನವಾಗುತ್ತ ಹೋಗುತ್ತದೆ. ಮೂರು ದೀಪಗಳೂ ಒಟ್ಟಿಗೆ ಹತ್ತಿ ಆರದೆ ಒಂದರ ಹಿಂದೊಂದು ಹತ್ತುತ್ತಿದ್ದರೆ ಫೇಸುಗಳ ಕ್ರಮ ತಪ್ಪಿದೆಯೆಂದು ತಿಳಿದು, ಯಂತ್ರವನ್ನು ನಿಲ್ಲಿಸಿ ಎರಡು ತಂತಿಗಳನ್ನು ಅದಲುಬದಲು ಮಾಡಬೇಕು. ಎಲ್ಲವೂ ಸರಿಯಾಗಿದ್ದು, ಕತ್ತಲೆಯ ನಡುಗಾಲ ಬಂದಾಗ ಸ್ವಿಚ್ಚನ್ನು ಮುಚ್ಚಬೇಕು. ನಡುಗಾಲವೇ ಏಕೆ? ವೋಲ್ಟೇಜು ಸೊನ್ನೆಗೆ ಇಳಿಯುವುದಕ್ಕೆ ಮೊದಲೇ ದೀಪದ ತಂತಿ ಕಣ್ಣಿಗೆ ಕಾಣದಷ್ಟು ಮಂಕಾಗುತ್ತದೆ. ಸೊನ್ನೆಯನ್ನು ದಾಟಿದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಇರುತ್ತದೆ. ಕತ್ತಲೆಯ ಮಧ್ಯದಲ್ಲಿಯೇ ನಿಜವಾದ ಸೊನ್ನೆ. ಯಂತ್ರ ಕೂದಲೆಳೆಯಷ್ಟು ಹೆಚ್ಚು ವೇಗದಲ್ಲಿದ್ದರೆ ಒಳ್ಳೆಯದು; ಕೂಡಿದೊಡನೆ ಅದು ಶಕ್ತಿಯನ್ನು ಬೇಡದೆ ಕೊಡತೊಡಗುತ್ತದೆ.

ಈಗ ಈ ಕೆಲಸವನ್ನೆಲ್ಲ ಅಂಗೈಯಗಲದ ಎಲೆಕ್ಟ್ರಾನಿಕ್ ಉಪಕರಣ ಮಾಡಿಬಿಡುತ್ತದೆ. ಆದರೂ ದೀಪಗಳ ಪಾಠವನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣುವುದು ಉತ್ತಮ. ಪೆಟ್ಟಿಗೆಯೊಳಗೆ ಏನು ನಡೆಯುತ್ತದೆಂಬುದು ಪೆಟ್ಟಿಗೆಯನ್ನು ನೋಡಿ ತಿಳಿಯತಕ್ಕದ್ದಲ್ಲ.

ಕೂಡಿದ ಮೇಲೆ ಎಂಜಿನ್ನಿಗೆ ಹೆಚ್ಚು ಅನಿಲ ಬಿಟ್ಟರೆ ವೇಗ ಹೆಚ್ಚದು, ತಂತಿಗೆ ಹೋಗುವ ಶಕ್ತಿ ಹೆಚ್ಚುವುದು. ೪೧೫ ವೋಲ್ಟಿನಲ್ಲಿ ಹುಟ್ಟಿದ ಈ ವಿದ್ಯುತ್ತನ್ನು ಪರಿವರ್ತಕವೊಂದು ೧೧,೦೦೦ ವೋಲ್ಟಿಗೆ ಏರಿಸಿ ತಂತಿಗೆ ಒಪ್ಪಿಸುತ್ತದೆ.

ಇದೇ ನಾಟಕ ಬೃಹತ್ ಪ್ರಮಾಣದಲ್ಲಿ ನಮ್ಮ ನೆರೆಯಲ್ಲೇ ನಡೆದದ್ದುಂಟು. ಕೊಪ್ಪಳ ೧೯೯೭ರವರೆಗೆ ರಾಯಚೂರು ಜಿಲ್ಲೆಗೆ ಸೇರಿತ್ತು. ಆ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ ೭೬೫ ಕಿಲೋವೋಲ್ಟಿನ ತಂತಿಯ ಮೂಲಕ, ೨೦೧೩ರ ಡಿಸೆಂಬರ್ ೩೧ರಂದು ದಕ್ಷಿಣ ಭಾರತದ ಜಾಲವನ್ನು ದೇಶದ ಉಳಿದ ಜಾಲಕ್ಕೆ ಕೂಡಿಸಿದರು. ಅಲ್ಲಿಯವರೆಗೆ ದಕ್ಷಿಣದ ಯಂತ್ರಗಳದು ಒಂದು ಲಯ, ಉತ್ತರದವುಗಳದು ಇನ್ನೊಂದು. ನಡುವೆ ಶಕ್ತಿಯ ವಿನಿಮಯ ನಡೆಯುತ್ತಿದ್ದುದು ಲಯದ ಗೊಡವೆಯೇ ಇಲ್ಲದ ನೇರ ಪ್ರವಾಹದ ಮೂಲಕ. ಹೀಗಿದ್ದುದರಿಂದಲೇ ೨೦೧೨ರ ಜುಲೈ ಕೊನೆಯ ಎರಡು ದಿನ ಉತ್ತರ, ಪೂರ್ವ, ಈಶಾನ್ಯ ಭಾರತಗಳು ಕತ್ತಲಲ್ಲಿ ಮುಳುಗಿದಾಗ ನಮ್ಮ ಕಡೆ ದೀಪಗಳು ಉರಿಯುತ್ತಿದ್ದವು. ಈಗ ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಒಂದೇ ಲಯ. ಗಂಗಾವತಿಯ ಗಿರಣಿಯ ಹಿತ್ತಲಲ್ಲಿ ಕೂಡಿಸುವ ನೂರು ಕಿಲೋವ್ಯಾಟಿನ ಯಂತ್ರವೂ ಆ ಲಯಕ್ಕೇ ಸೇರಬೇಕು.

ಕೂಡುವುದಕ್ಕಿಂತ ಬಿಡಿಸಿಕೊಳ್ಳುವುದು ದೊಡ್ಡ ವಿದ್ಯೆ. ಇಲ್ಲಿ ಪ್ರಾಣದ ಪ್ರಶ್ನೆಯಿದೆ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯಿತೆನ್ನಿ. ಉಪಕೇಂದ್ರದಲ್ಲಿ ಸ್ವಿಚ್ಚು ಬೀಳುತ್ತದೆ. ಕರೆಂಟು ಹೋಯಿತೆಂದು ನಂಬಿ ಲೈನ್‌ಮನ್ ಕಂಬ ಹತ್ತುತ್ತಾನೆ. ಆದರೆ ಅದೇ ತಂತಿಯ ಇನ್ನೊಂದು ತುದಿಯಲ್ಲಿ ನಮ್ಮ ಹೊಟ್ಟಿನ ಯಂತ್ರ ಓಡುತ್ತಲೇ ಇದ್ದರೆ? ಜಾಲದಿಂದ ಕಡಿದುಹೋದ ತುಂಡು ನಡುಗಡ್ಡೆಯಂತೆ ಜೀವಂತವಾಗಿ ಉಳಿಯುತ್ತದೆ. ಹಳ್ಳಿಗರು ಟಿ.ಸಿ. ಎಂದು ಕರೆಯುವ ಪರಿವರ್ತಕಕ್ಕೆ ಹಿಂದು ಮುಂದೆಂಬ ಭೇದವಿಲ್ಲ. ಹನ್ನೊಂದು ಸಾವಿರವನ್ನು ನಾನೂರಕ್ಕೆ ಇಳಿಸಬಲ್ಲುದು ನಾನೂರನ್ನು ಹನ್ನೊಂದು ಸಾವಿರಕ್ಕೆ ಏರಿಸಲೂ ಬಲ್ಲುದು. ಅಂಗಡಿಯ ಚಿಕ್ಕ ಜನರೇಟರನ್ನು ಅದಲು ಸ್ವಿಚ್ಚಿಲ್ಲದೆ ಮನೆಯ ತಂತಿಗೆ ಸಿಕ್ಕಿಸುವವರು ಈ ಮಾತನ್ನು ಎರಡು ಸಲ ಓದಬೇಕು. ಲೈನ್‌ಮನ್ ಮುಟ್ಟುವ ತಂತಿಯಲ್ಲಿ ಸಾವನ್ನು ತುಂಬಲು ಅಷ್ಟೇ ಸಾಕು. ಕಂಬವೇರುವ ಮುನ್ನ ತಂತಿಗಳನ್ನು ಪರೀಕ್ಷಿಸಿ, ಒಂದಕ್ಕೊಂದು ಕೂಡಿಸಿ ಭೂಮಿಗೆ ಕಟ್ಟಬೇಕೆಂಬ ನಿಯಮವಿರುವುದು ಈ ಕಾರಣದಿಂದ.

ಆದುದರಿಂದ ಜಾಲ ಹೋದೊಡನೆ ಯಂತ್ರ ತಾನಾಗಿಯೇ ಕಡಿದುಕೊಳ್ಳಬೇಕೆಂಬುದು ಎಲ್ಲ ದೇಶಗಳಲ್ಲೂ ಕಟ್ಟುನಿಟ್ಟಿನ ಕಟ್ಟಳೆ. ಅದು ಜಾಲ ಹೋದುದನ್ನು ಅರಿಯುವುದು ಹೇಗೆ? ದೊಡ್ಡ ಜಾಲದ ಆಸರೆ ತಪ್ಪಿದಾಗ ಪುಟ್ಟ ಯಂತ್ರದ ಮೇಲೆ ಹೊರೆ ಏಕಾಏಕಿ ಬದಲಾಗಿ ವೇಗವೂ ವೋಲ್ಟೇಜೂ ಏರುಪೇರಾಗುತ್ತವೆ. ಐವತ್ತರ ಅತ್ತಿತ್ತ ಗೊತ್ತುಪಡಿಸಿದ ಮೇರೆಯನ್ನು ಆವೃತ್ತಿ ದಾಟಿದರೆ ಕಾವಲು ಉಪಕರಣ ಕ್ಷಣಾರ್ಧದಲ್ಲಿ ಸ್ವಿಚ್ಚನ್ನು ಕೆಡವುತ್ತದೆ. ಆದರೆ ಕಡಿದುಹೋದ ತುಂಡಿನ ಹೊರೆ ಅಕಸ್ಮಾತ್ತಾಗಿ ಯಂತ್ರದ ಶಕ್ತಿಗೆ ಹೆಚ್ಚುಕಡಿಮೆ ಹೊಂದಿಕೊಂಡಿದ್ದರೆ ಏರುಪೇರು ಬಹು ಅಲ್ಪವಾಗುವುದು! ಇಂಥ ದುರ್ಲಭ ಸಂದರ್ಭವನ್ನೂ ಹಿಡಿಯಲು ಆವೃತ್ತಿ ಎಷ್ಟು ಬೇಗ ಬದಲಾಗುತ್ತಿದೆ ಎಂಬುದನ್ನು ಅಳೆಯುವಂಥ ಇನ್ನೂ ಚುರುಕಾದ ಉಪಾಯಗಳಿವೆ.

ಇದರಿಂದ ಒಂದು ವಿಪರ್ಯಾಸ ಹುಟ್ಟಿತು. ಹಳ್ಳಿಯಲ್ಲಿ ವಿದ್ಯುತ್ತಿನ ಕೊರತೆಯನ್ನು ನೀಗಲೆಂದು ಕಟ್ಟಿದ ಯಂತ್ರ, ಹಳ್ಳಿಯ ತಂತಿಯಲ್ಲಿ ವಿದ್ಯುತ್ತಿಲ್ಲದಾಗ ತಾನೂ ನಿಲ್ಲಬೇಕು! ನೀರಾವರಿ ಪಂಪ್‌ಸೆಟ್ಟುಗಳ ತಂತಿಗೆ ನಮ್ಮಲ್ಲಿ ಮೂರು ಫೇಸಿನ ವಿದ್ಯುತ್ತು ದೊರೆಯುವುದು ದಿನಕ್ಕೆ ಕೆಲವೇ ಗಂಟೆ. ಅಂಥ ತಂತಿಗೆ ಯಂತ್ರವನ್ನು ಕೂಡಿಸಿದರೆ ಉಳಿದ ಹೊತ್ತು ಅದಕ್ಕೆ ರಜೆ. ಕಬ್ಬಿಗೆರೆಯ ಅನುಭವವನ್ನೇ ನೋಡಿ. ಅಲ್ಲಿಯ ನೂರು ಕಿಲೋವ್ಯಾಟಿನ ಒಂದು ಘಟಕ ಮೊದಮೊದಲು ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ. ಆಗ ವಿಜ್ಞಾನ ಸಂಸ್ಥೆಯವರು ತಾವೇ ನಿಂತು ಸಾವಿರ ಗಂಟೆಗೂ ಮೀರಿ ಎಡೆಬಿಡದೆ ಓಡಿಸಿ ತೋರಿಸಿದರು; ೨೦೧೧ರಲ್ಲಿ ಅದರ ಲೆಕ್ಕವನ್ನು ಪ್ರಕಟಿಸಿದರು. ೧೦೩೫ ಗಂಟೆಗಳಲ್ಲಿ ೧೧೧ ಟನ್ ಕಟ್ಟಿಗೆಯನ್ನು ತಿಂದು ೮೦,೬೦೦ ಯೂನಿಟ್ ವಿದ್ಯುತ್ತು ಹುಟ್ಟಿತು. ಎಂದರೆ ಒಂದು ಯೂನಿಟ್ಟಿಗೆ ಸುಮಾರು ೧.೩೬ ಕಿಲೋಗ್ರಾಂ, ಕಟ್ಟಿಗೆಯಲ್ಲಿದ್ದ ಶಕ್ತಿಯಲ್ಲಿ ನೂರಕ್ಕೆ ೧೮ ಪಾಲು ವಿದ್ಯುತ್ತಾಯಿತು. ಆ ಅವಧಿಯಲ್ಲಿ ಜಾಲವೇ ಇಲ್ಲದೆ ಹೋದದ್ದು ಸುಮಾರು ೭೦ ಗಂಟೆ. ಮುಂದಿನ ಸಾವಿರ ಗಂಟೆಗಳನ್ನು ಸ್ಥಳೀಯ ಕೆಲಸಗಾರರೇ ನಡೆಸಿದರು. ನನಗೆ ಇದೇ ಅತ್ಯಂತ ಬೆಲೆಯುಳ್ಳ ಅಂಶವಾಗಿ ತೋರುತ್ತದೆ. ಇಂಥ ಯಂತ್ರ ಸೋಲುವುದು ಬಹುಮಟ್ಟಿಗೆ ಭೌತಶಾಸ್ತ್ರದಲ್ಲಲ್ಲ, ಪ್ರತಿದಿನ ಕಟ್ಟಿಗೆ ಒಣಗಿಸಿ, ಸೋಸುಕವನ್ನು ತೊಳೆದು, ನೀರನ್ನು ಬದಲಿಸುವವರು ಇಲ್ಲದಲ್ಲಿ.

ಗಂಗಾವತಿಯ ಲೆಕ್ಕವನ್ನು ಹಾಕೋಣ. ಗಂಟೆಗೆ ಎರಡು ಟನ್ ಭತ್ತ ಕುಟ್ಟುವ ಗಿರಣಿಯೊಂದನ್ನು ಊಹಿಸಿಕೊಳ್ಳಿ. ಅದರಿಂದ ಗಂಟೆಗೆ ನಾನೂರು ಕಿಲೋಗ್ರಾಂ ಹೊಟ್ಟು. ಹೊಟ್ಟಿನ ಶಾಖ ಕಟ್ಟಿಗೆಗಿಂತ ಕಡಿಮೆಯಾದುದರಿಂದ ಯೂನಿಟ್ಟಿಗೆ ಎರಡು ಕಿಲೋಗ್ರಾಂ ಹಿಡಿದರೆ ಇನ್ನೂರು ಕಿಲೋವ್ಯಾಟ್ ಆಯಿತು. ಕಾಗದದ ಮೇಲೆ ಇದು ಮನೋಹರ. ಆದರೆ ಹೊಟ್ಟಿನ ಸ್ವಭಾವ ಬೇರೆ. ಕಟ್ಟಿಗೆಯ ತುಂಡುಗಳ ನಡುವೆ ಅನಿಲ ಸರಾಗವಾಗಿ ಹಾಯುವಂತೆ ಹೊಟ್ಟಿನ ರಾಶಿಯಲ್ಲಿ ಹಾಯದು. ಅದಕ್ಕೆ ಬೇರೆ ಬಗೆಯ ಒಲೆ ಬೇಕು, ಇಲ್ಲವೆ ಹೊಟ್ಟನ್ನು ಒತ್ತಿ ಇಟ್ಟಿಗೆಯಂಥ ಗಟ್ಟಿಗಳನ್ನಾಗಿ ಮಾಡಬೇಕು. ಸೌದೆಯ ಬೂದಿ ನೂರಕ್ಕೆ ಒಂದೆರಡಾದರೆ ಹೊಟ್ಟಿನದು ಇಪ್ಪತ್ತರ ಹತ್ತಿರ. ಅದೂ ಬಹುಪಾಲು ಸಿಲಿಕ, ಎಂದರೆ ಮರಳಿನ ದ್ರವ್ಯವೇ. ಎಂಜಿನ್ನಿನೊಳಗೆ ಹೊಕ್ಕರೆ ಉಜ್ಜುಕಾಗದದಂತೆ ಲೋಹವನ್ನು ಸವೆಯಿಸುವುದು. ಇದರ ಮೇಲೆ ಕುಸುಬಲಕ್ಕಿ ಮಾಡುವ ಗಿರಣಿಗೆ ಭತ್ತ ಬೇಯಿಸಲು ಹಬೆ ಬೇಕು. ಆ ಹಬೆಗೆ ಹೊಟ್ಟೇ ಉರುವಲು.

ಹಣದ ಮಾತಿನಲ್ಲಿ ಇನ್ನೂ ಬಿಗಿ. ೨೦೦೫ರಲ್ಲಿ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಜೈವಿಕ ಉರುವಲಿನ ವಿದ್ಯುತ್ತಿಗೆ ಗೊತ್ತುಮಾಡಿದ ಮೊದಲ ವರ್ಷದ ದರ ಯೂನಿಟ್ಟಿಗೆ ೨ ರೂಪಾಯಿ ೮೫ ಪೈಸೆ. ಕಟ್ಟಿಗೆ ಕಿಲೋಗ್ರಾಮಿಗೆ ಒಂದು ರೂಪಾಯಿ ಎಂದಿಟ್ಟುಕೊಂಡರೂ ಅದರಲ್ಲಿ ಅರ್ಧದಷ್ಟು ಉರುವಲಿಗೇ ಹೋಯಿತು. ಕೆಲಸಗಾರರ ಸಂಬಳ, ಎಂಜಿನ್ನಿನ ಎಣ್ಣೆ, ಸ್ಥಾವರದ ಸ್ವಂತ ಪಂಪು ಬೀಸಣಿಗೆಗಳ ಖರ್ಚು, ಸಾಲದ ಬಡ್ಡಿ ಉಳಿದರ್ಧದಲ್ಲಿ ಹಿಡಿಯಬೇಕು. ಹಾಳುಬಿದ್ದಿದ್ದ ಹೊಟ್ಟಿಗೂ, ಕೊಳ್ಳುವವರು ಹುಟ್ಟಿದ ಗಳಿಗೆಯಿಂದ ಬೆಲೆ ಬರುತ್ತದೆ. ಅದು ಬಲು ಹಗುರ. ಒಂದು ಘನಮೀಟರಿಗೆ ನೂರು ಕಿಲೋಗ್ರಾಮಿನ ಸುತ್ತಮುತ್ತ. ಲಾರಿ ತುಂಬಿದರೂ ತೂಕ ತುಂಬದು. ಆದುದರಿಂದ ದೂರಕ್ಕೆ ಸಾಗಿಸಿ ಉರಿಸುವುದು ನಷ್ಟದ ಬಾಬು.

ಈ ನಡುವೆ ಕುಷ್ಟಗಿ ಯಲಬುರ್ಗಾಗಳ ಬಯಲಿನಲ್ಲಿ ಗಾಳಿಯಂತ್ರಗಳ ರೆಕ್ಕೆಗಳು ಮೂಡಿವೆ. ಮನೆಯ ಮೇಲೆ ಸೌರಫಲಕಗಳು ಬಂದಿವೆ. ಫಲಕದಿಂದ ಹುಟ್ಟುವುದು ನೇರ ಪ್ರವಾಹವಾದುದರಿಂದ ಇನ್ವರ್ಟರ್ ಎಂಬ ಪೆಟ್ಟಿಗೆ ಅದನ್ನು ಅಲೆಯಾಗಿಸಿ, ಜಾಲದ ಅಲೆಯನ್ನು ಸದಾ ಆಲಿಸುತ್ತ ಅದಕ್ಕೆ ತಾಳ ಹಾಕುತ್ತದೆ. ಜಾಲ ಹೋದರೆ ಅದೂ ಕ್ಷಣದಲ್ಲಿ ಮೌನವಾಗುತ್ತದೆ. ಮಧ್ಯಾಹ್ನ ಬಿಸಿಲಿದ್ದರೂ ಮನೆಯಲ್ಲಿ ಕರೆಂಟು ಏಕಿಲ್ಲವೆಂದು ಕೇಳುವವರಿಗೆ ಮೇಲಿನ ಲೈನ್‌ಮನ್ನನ ಪ್ರಸಂಗವೇ ಉತ್ತರ. ಬೆಲೆಯಲ್ಲಿ ಸೌರಶಕ್ತಿಯೊಡನೆ ಸಣ್ಣ ಅನಿಲಜನಕ ಇಂದು ಸೆಣಸಲಾರದು. ಆದರೆ ಸೂರ್ಯ ಮುಳುಗಿ ಊರೆಲ್ಲ ದೀಪ ಹಚ್ಚುವ ಸಂಜೆ ಆರರಿಂದ ಹತ್ತರವರೆಗಿನ ಹೊತ್ತಿನಲ್ಲಿ ಜಾಲಕ್ಕೆ ಹಸಿವು ಹೆಚ್ಚು, ಫಲಕಗಳ ಕೈ ಬರಿದು. ಹೊಟ್ಟಿನ ರಾಶಿಯೊಂದು ಶೇಖರಿಸಿಟ್ಟ ಬಿಸಿಲು. ಅದನ್ನು ಯಾವಾಗ ಉರಿಸಬೇಕೆಂಬುದು ನಮ್ಮ ಕೈಯಲ್ಲಿದೆ. ಆ ನಾಲ್ಕು ಗಂಟೆಗಳ ಯೂನಿಟ್ಟಿಗೆ ಹಗಲಿಗಿಂತ ಹೆಚ್ಚು ದರ ಸಿಕ್ಕರೆ ಗಿರಣಿಯ ಹಿತ್ತಲಿನ ಯಂತ್ರದ ಲೆಕ್ಕ ಬೇರೆಯಾಗುತ್ತದೆ; ಸಿಗದಿದ್ದರೆ ಹೊಟ್ಟು ಭತ್ತ ಬೇಯಿಸುವ ಹಬೆಗೂ ಇಟ್ಟಿಗೆಯ ಭಟ್ಟಿಗೂ ಹೋಗುತ್ತಿರುತ್ತದೆ.